ಬೆಂಕಿ ಹಚ್ಚುವ ಮುನ್ನ ಕಾಗದ ಕೇಳಿ: ಪೈಪ್ ಫಿಟ್ಟರ್, ವೆಲ್ಡರ್‌ಗಳಿಗೆ ಕಾನೂನಿನ ಅರಿವು

ಕಬ್ಬು ಅರೆಯುವ ಹಂಗಾಮು ಮುಗಿಯುತ್ತಿದ್ದಂತೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್‌ಗಳ ಹಂಗಾಮು ಶುರುವಾಗುತ್ತದೆ. ಆವಿಯ ಪೈಪು ಬಿಚ್ಚಬೇಕು, ಸವೆದ ಬೆಂಡು ಕತ್ತರಿಸಿ ಹೊಸದನ್ನು ಕೂಡಿಸಬೇಕು, ಟ್ಯಾಂಕಿನೊಳಗೆ ಇಳಿದು ವೆಲ್ಡಿಂಗ್ ಮಾಡಬೇಕು. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರವಿರಲಿ, ಮಂಗಳೂರಿನ ತೈಲ ಸಂಸ್ಕರಣಾಗಾರವಿರಲಿ, ಶಟ್‌ಡೌನ್ ಬಂತೆಂದರೆ ಎಲ್ಲೆಡೆ ಇದೇ ಅವಸರ. ಈ ಕೆಲಸಕ್ಕೆ ಬರುವ ಅನೇಕರು ಗುತ್ತಿಗೆದಾರರ ಕೈಕೆಳಗಿನವರು. ಮೇಸ್ತ್ರಿ ಫೋನ್ ಮಾಡಿದ, ಬ್ಯಾಗು ಹಿಡಿದು ಬಂದೆ ಎಂಬುದೇ ಅವರ ಒಪ್ಪಂದ. ಅನಾಹುತವಾದ ದಿನ ಇವರು ನಮ್ಮ ಕೆಲಸಗಾರರೇ ಅಲ್ಲ ಎಂಬ ಮಾತು ಕೇಳಿಬರುವುದು ಇಂಥ ಕಡೆಯೇ. ಹಾಗಾಗದಂತೆ ಕಾನೂನು ಕೊಟ್ಟಿರುವ ರಕ್ಷಣೆಗಳು ಇಲ್ಲಿವೆ.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಹಳೆಯ ಕಾರ್ಖಾನೆಗಳ ಕಾಯ್ದೆ, ಗುತ್ತಿಗೆ ಕಾರ್ಮಿಕರ ಕಾಯ್ದೆ, ನೌಕರರ ಪರಿಹಾರ ಕಾಯ್ದೆ, ಇಎಸ್‌ಐ ಕಾಯ್ದೆಗಳ ಜಾಗಕ್ಕೆ ಇವು ಬಂದಿವೆ. ಹೆಸರು ಬದಲಾದರೂ ಮುಂದೆ ಹೇಳುವ ಮೂಲ ಹಕ್ಕುಗಳು ಉಳಿದಿವೆ, ಕೆಲವು ಹೊಸದಾಗಿ ಸೇರಿವೆ.

ಕೆಲಸಕ್ಕೆ ಸೇರುವಾಗ

ನೇಮಕಾತಿ ಪತ್ರ ಕೊಡುವುದು ಈಗ ಮಾಲೀಕರ ಕರ್ತವ್ಯ. ಅದರಲ್ಲಿ ನಿಮ್ಮ ಹೆಸರು, ಕೆಲಸ, ವೇತನ ಸರಿಯಾಗಿವೆಯೇ ನೋಡಿ. ವೆಲ್ಡರ್‌ನನ್ನು ಹೆಲ್ಪರ್ ಎಂದು ಬರೆದರೆ ಕನಿಷ್ಠ ವೇತನದಲ್ಲೂ ಮುಂದೆ ಪರಿಹಾರದಲ್ಲೂ ನಷ್ಟ ನಿಮಗೇ. ಬಾಯ್ಲರ್ ಮತ್ತು ಅದರ ಆವಿಯ ಪೈಪುಗಳ ವೆಲ್ಡಿಂಗನ್ನು ಅದಕ್ಕೆಂದೇ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರೇ ಮಾಡಬೇಕು. ಆ ಮೂಲ ಪ್ರಮಾಣಪತ್ರವನ್ನು ಗುತ್ತಿಗೆದಾರರ ಬಳಿ ಬಿಡಬೇಡಿ, ನಕಲು ಮಾತ್ರ ಕೊಡಿ.

ಟಾರ್ಚ್ ಹಚ್ಚುವ ಮುನ್ನ

ವೆಲ್ಡರ್‌ನ ಪ್ರಾಣ ಉಳಿಸುವ ಎರಡು ನಿಯಮಗಳು 1948ರ ಕಾರ್ಖಾನೆಗಳ ಕಾಯ್ದೆಯ 36 ಮತ್ತು 37ನೇ ಕಲಂಗಳಿಂದ ಬಂದವು. ಇವು ಬಾಯಿಪಾಠವಾಗಿರಲಿ.

ಒಂದು, ವಿಷಾನಿಲ ಇರಬಹುದಾದ ಟ್ಯಾಂಕ್, ಗುಂಡಿ, ದೊಡ್ಡ ಪೈಪಿನೊಳಗೆ ಸುಮ್ಮನೆ ಇಳಿಸುವಂತಿಲ್ಲ. ಒಳಗಿನ ಅನಿಲ ಹೊರಹಾಕಿ, ಅರ್ಹ ವ್ಯಕ್ತಿ ಪರೀಕ್ಷಿಸಿ, ಅಪಾಯವಿಲ್ಲವೆಂದು ಲಿಖಿತವಾಗಿ ಪ್ರಮಾಣೀಕರಿಸಿರಬೇಕು. ಇಲ್ಲವೇ ಇಳಿಯುವವರು ಉಸಿರಾಟದ ಸಾಧನ ಧರಿಸಿ, ಬೆಲ್ಟಿಗೆ ಕಟ್ಟಿದ ಹಗ್ಗವನ್ನು ಹೊರಗೊಬ್ಬರು ಹಿಡಿದು ನಿಂತಿರಬೇಕು. ಒಳಗೆ ಒಯ್ಯುವ ಕೈದೀಪ 24 ವೋಲ್ಟ್ ಮೀರುವಂತಿಲ್ಲ.

ಎರಡು, ಹೊತ್ತಿಕೊಳ್ಳುವ ದ್ರವ ಅಥವಾ ಅನಿಲ ತುಂಬಿದ್ದ ಟ್ಯಾಂಕನ್ನು ಪೂರ್ತಿ ಶುದ್ಧಗೊಳಿಸದೆ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡಿಸುವಂತಿಲ್ಲ. ಖಾಲಿಯಾಗಿದ್ದರೆ ಸಾಲದು, ಒಳಗೆ ಉಳಿದ ಆವಿಯೂ ಹೋಗಿರಬೇಕು. ಕೆಲಸ ಮುಗಿದರೂ ಲೋಹ ತಣ್ಣಗಾಗುವವರೆಗೆ ಆ ದ್ರವವನ್ನು ಮತ್ತೆ ತುಂಬುವಂತಿಲ್ಲ.

ಪ್ಲಾಂಟಿನಲ್ಲಿ ಕೊಡುವ ಹಾಟ್ ವರ್ಕ್ ಪರ್ಮಿಟ್ ಈ ನಿಯಮಗಳದ್ದೇ ಕಾಗದದ ರೂಪ. ಅದರಲ್ಲಿ ಇಂದಿನ ದಿನಾಂಕ, ನಿಮ್ಮ ಲೈನಿನ ನಂಬರು, ಅನಿಲ ಪರೀಕ್ಷೆಯ ಫಲಿತಾಂಶ, ಸಹಿ ಇವೆಯೇ ನೋಡಿ. ಲೈನಿಗೆ ಬ್ಲೈಂಡ್ ಹಾಕಿದ್ದಾರೆಯೇ ಎಂದು ಕೇಳಿ. ಸುರಕ್ಷತೆಯ ಮಾಹಿತಿ ಕೇಳುವುದು ಕಾರ್ಮಿಕರ ಹಕ್ಕು. ಪ್ರಾಣಾಪಾಯ ಎದುರಿಗಿದೆ ಎನಿಸಿದರೆ ಮಾಲೀಕರಿಗೂ ಅದೇ ಹೊತ್ತಿಗೆ ಸರ್ಕಾರದ ನಿರೀಕ್ಷಕರಿಗೂ ತಿಳಿಸಬಹುದು. ಮಾಲೀಕರು ಒಪ್ಪದಿದ್ದರೆ ನಿರೀಕ್ಷಕರ ತೀರ್ಮಾನವೇ ಅಂತಿಮ.

ವೇತನ ಮತ್ತು ಓವರ್‌ಟೈಮ್

ತಿಂಗಳ ವೇತನ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಓವರ್‌ಟೈಮಿಗೆ ನಿಮ್ಮ ಒಪ್ಪಿಗೆ ಬೇಕು, ವೇತನವೂ ಎರಡು ಪಟ್ಟು. ಗುತ್ತಿಗೆದಾರ ಕೈಕೊಟ್ಟರೆ ವೇತನದ ಹೊಣೆ ಕೆಲಸ ಮಾಡಿಸಿಕೊಂಡ ಕಂಪನಿಯ ಮೇಲೆ ಬರುತ್ತದೆ. ಬಾಕಿಗಾಗಿ ಮೂರು ವರ್ಷಗಳೊಳಗೆ ಅರ್ಜಿ ಹಾಕಬಹುದು. ದಿನದ ಹಾಜರಿ, ಓವರ್‌ಟೈಮ್ ಗಂಟೆಗಳನ್ನು ಸ್ವಂತ ಡೈರಿಯಲ್ಲಿ ಬರೆದಿಡಿ.

ಅಪಘಾತವಾದರೆ

ತಿಂಗಳ ವೇತನ 21,000 ರೂಪಾಯಿವರೆಗಿನವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಕೆಲಸದಲ್ಲಿ ಗಾಯಗೊಂಡು ದುಡಿಯಲಾಗದ ದಿನಗಳಿಗೆ ವೇತನದ ಶೇ. 90ರಷ್ಟು ಹಣ ಅಲ್ಲಿಂದ ಸಿಗುತ್ತದೆ. ಕೆಲಸದಲ್ಲಿ ಸಾವು ಸಂಭವಿಸಿದರೆ ಅವಲಂಬಿತರಿಗೆ ಮಾಸಿಕ ನೆರವಿದೆ. ಸೇರಿದ ದಿನವೇ ಇಎಸ್‌ಐ ನಂಬರ್ ಕೇಳಿ ಪಡೆಯಿರಿ.

ಇಎಸ್‌ಐ ಇಲ್ಲದವರಿಗೆ ಮಾಲೀಕರೇ ಪರಿಹಾರ ಕೊಡಬೇಕು. ಸಾವಿನ ಪ್ರಕರಣದಲ್ಲಿ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ಗೊತ್ತುಪಡಿಸಿದ ಅಂಕಿಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಅಂಕಿ 207.98. ಲೆಕ್ಕಕ್ಕೆ ಹಿಡಿಯುವ ವೇತನ 15,000 ರೂಪಾಯಿ ಎಂದಾದರೆ ಮೊತ್ತ 15,59,850 ರೂಪಾಯಿ. ಒಂದು ತಿಂಗಳು ಮೀರಿ ತಡಮಾಡಿದರೆ ಶೇ. 12ರ ಬಡ್ಡಿ, ಸಕಾರಣವಿಲ್ಲದಿದ್ದರೆ ದಂಡವೂ ಸೇರುತ್ತದೆ.

ಹೆಲ್ಮೆಟ್ ಹಾಕಿರಲಿಲ್ಲ, ತಪ್ಪು ಅವನದೇ ಎಂಬ ವಾದಕ್ಕೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣದಲ್ಲಿ ಬೆಲೆಯಿಲ್ಲ. ಮನೆಯವರ ಕೈಗೆ ಒಂದಿಷ್ಟು ಹಣವಿತ್ತು ಸಹಿ ಹಾಕಿಸಿಕೊಂಡರೂ ಹಕ್ಕು ಹೋಗುವುದಿಲ್ಲ. ಸಾವಿನ ಪರಿಹಾರವನ್ನು ಅಧಿಕಾರಿಯ ಬಳಿ ಠೇವಣಿ ಇಟ್ಟೇ ಕೊಡಬೇಕು.

ತಕ್ಷಣ ಮಾಡಬೇಕಾದದ್ದು ಇಷ್ಟು:

1. ಗಾಯ ಆದದ್ದು ಕೆಲಸದ ಜಾಗದಲ್ಲಿ ಎಂದು ಆಸ್ಪತ್ರೆಯ ದಾಖಲೆಯಲ್ಲಿ ಬರೆಸಿ.
2. ಮಾಲೀಕರಿಗೆ, ಗುತ್ತಿಗೆದಾರರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ.
3. ಗೇಟ್ ಪಾಸ್, ಪರ್ಮಿಟ್ ಪ್ರತಿ, ಜೊತೆಗಾರರ ಹೆಸರು ಜೋಪಾನ ಮಾಡಿ.
4. ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಗೆ, ಜಿಲ್ಲಾ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು, ಇದಕ್ಕೆ ಆದಾಯದ ಮಿತಿ ಅಡ್ಡಬರುವುದಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ನಾಳೆ ಬೆಳಗ್ಗೆ ಪರ್ಮಿಟ್ ಇಲ್ಲದೆ ಟ್ಯಾಂಕಿಗೆ ಇಳಿ ಎಂದು ಯಾರಾದರೂ ಅವಸರಿಸಿದರೆ, ಮೊದಲು ಕಾಗದ ತೋರಿಸಿ ಎನ್ನಿ. ಜೊತೆಯಲ್ಲಿರುವ ಹುಡುಗ ಹೊಸಬನಾಗಿದ್ದರೆ ಅವನ ಪರವಾಗಿಯೂ ನೀವೇ ಕೇಳಿ.