ಅನುಮಾನ ಎಂಬ ಒಂದು ಶಬ್ದ



ಮಾತಾಡುವಾಗ ನಾವು ಕೇಳುವುದು ಎದುರಿನವನ ಶಬ್ದವನ್ನು; ಅದಕ್ಕೆ ಹಚ್ಚುವ ಅರ್ಥ ಮಾತ್ರ ಬಹಳ ಸಲ ನಮ್ಮದೇ ಇರುತ್ತದೆ. ಪುಣೆಯಲ್ಲಿ ಕಲಿಯುವ ಕನ್ನಡ ವಿದ್ಯಾರ್ಥಿಗಳಿಗೆ ಇದು ದಿನಾ ಎದುರಾಗುವ ಸಂಗತಿ. ಕನ್ನಡ, ಮರಾಠಿ ಎರಡರಲ್ಲೂ ಬಳಕೆಯಾಗುವ ಸಂಸ್ಕೃತ ಶಬ್ದಗಳು ಬಹಳ. ಆದರೆ ರೂಪ ಒಂದೇ ಇದ್ದ ಮಾತ್ರಕ್ಕೆ ಅರ್ಥ ಒಂದೇ ಅಲ್ಲ. ನಮಗೆ ‘ರಾಗ’ ಹಾಡಿನದು. ಮರಾಠಿಯಲ್ಲಿ ಅದು ಸಿಟ್ಟೂ ಹೌದು. ನಮ್ಮ ‘ಪ್ರಪಂಚ’ ಇಡೀ ಜಗತ್ತು. ಅವರದು ಮನೆ-ಮಕ್ಕಳ ಸಂಸಾರ. ‘ಉದ್ಯೋಗ’ ನಮಗೆ ನೌಕರಿ; ಅವರಿಗೆ ಕೈಗಾರಿಕೆ.

ಇಂಥ ವ್ಯತ್ಯಾಸ ನಗೆ ತಂದರೆ ಚಿಂತೆಯಿಲ್ಲ. ಜಗಳ ತಂದರೆ?

ಕಳೆದ ವರ್ಷ ನಾವು ಕೆಲವರು ಕೂಡಿ ನಡೆಸುತ್ತಿದ್ದ ಮೆಸ್ಸಿನಲ್ಲಿ ಕಿರ್ದಿ ಬರೆಯುತ್ತಿದ್ದವ ಒಬ್ಬ ಕನ್ನಡಿಗ. ತಿಂಗಳ ಕೊನೆಗೆ ಲೆಕ್ಕ ನೋಡಿದ ಮರಾಠಿ ಗೆಳೆಯ, ಎರಡು ದಿನದ ಹಾಲಿನ ಖರ್ಚು ಎರಡೆರಡು ಸಲ ಬಿದ್ದಿದೆಯೆಂದು ‘ಅನುಮಾನ’ ಬರುತ್ತದೆ ಎಂದು ಮರಾಠಿಯಲ್ಲಿ ವಹಿಯ ಅಂಚಿಗೆ ಬರೆದ. ನಮ್ಮವ ಓದಿ ಕೆಂಪಾದ. “ನೋಡ್ರಲೇ, ನನ್ನ ಮ್ಯಾಲ ಅನುಮಾನ ಪಡ್ತಾನ! ನಾ ಏನ್ ರೊಕ್ಕ ತಿಂದೀನೇನು?” ಎಂಟು ದಿನ ಇಬ್ಬರಿಗೂ ಮಾತಿಲ್ಲ. ಕಡೆಗೆ ಅಡಿಗೆಯ ಮಾವಶಿ ಆ ಮರಾಠಿ ಹುಡುಗನನ್ನೇ ಕೇಳಿಬಿಟ್ಟರು: “ನೀ ಬರೆದದ್ದರ ಅರ್ಥ ಏನಪ್ಪಾ?” “ಲೆಕ್ಕದಿಂದ ಹಾಗೆ ತಿಳಿದು ಬರುತ್ತದೆ, ಅಷ್ಟೇ” ಎಂದ ಅವನು. ಹಾಲಿನವನ ಚೀಟಿ ತಂದು ನೋಡಿದರೆ ನಮೂದು ಎರಡು ಸಲ ಬಿದ್ದದ್ದು ನಿಜ. ಡಬ್ಬಿಯಲ್ಲಿ ಸರಿಯಾಗಿ ಅಷ್ಟೇ ರೊಕ್ಕ ಹೆಚ್ಚಿಗೆ ಇತ್ತು.

ಇಲ್ಲಿ ಇಬ್ಬರ ಶಬ್ದವೂ ಸರಿ. ನ್ಯಾಯಶಾಸ್ತ್ರದಲ್ಲಿ ಅನುಮಾನವೆಂಬುದು ಜ್ಞಾನ ಪಡೆಯುವ ಒಂದು ಪ್ರಮಾಣ: ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಉಂಟೆಂದು ತಿಳಿಯುವುದು. ಮರಾಠಿ ಆ ಅರ್ಥವನ್ನು ಉಳಿಸಿಕೊಂಡಿತು. ನಮ್ಮ ಆಡುಮಾತಿನಲ್ಲಿ ಅದು ಸಂಶಯವಾಯಿತು. ವಿಚಾರ ಮಾಡಿದರೆ ನಮ್ಮ ಗೆಳೆಯ ಮಾಡಿದ್ದೂ ಅನುಮಾನವೇ. ಒಂದು ಶಬ್ದ ಕಂಡು, ಎದುರಿನವನ ಮನಸ್ಸಿನಲ್ಲಿ ಕೆಡುಕಿದೆಯೆಂದು ತೀರ್ಮಾನಿಸಿದ. ಆದರೆ ಮಂಜನ್ನೋ ಧೂಳನ್ನೋ ಹೊಗೆಯೆಂದು ತಿಳಿದರೆ ಅನುಮಾನ ಕೆಡುತ್ತದೆ ಎಂದೂ ಅದೇ ಶಾಸ್ತ್ರ ಎಚ್ಚರಿಸುತ್ತದೆ. ಪಂಪ, ರನ್ನರ ಜೈನ ಮತದ ಸ್ಯಾದ್ವಾದವೂ ಇದಕ್ಕೆ ಹತ್ತಿರದ್ದು: ನಾನು ಹೇಳುವುದು ಒಂದು ದೃಷ್ಟಿಯಿಂದ ಸರಿ, ಬೇರೆ ದೃಷ್ಟಿಗೂ ಜಾಗ ಇರಬೇಕು.

ವಿನಯವೆಂದರೆ ತಪ್ಪು ಕಂಡೂ ಸುಮ್ಮನಿರುವುದಲ್ಲ. ಲೆಕ್ಕ ತಪ್ಪಿದ್ದರೆ ತಪ್ಪಿದೆ ಅನ್ನಲೇಬೇಕು. ಆದರೆ ಮೂರು ಸಂಗತಿ ನೆನಪಿರಲಿ.

1. ಮಾತು ಚುಚ್ಚಿತೆನಿಸಿದರೆ, ಉತ್ತರ ಕೊಡುವ ಮೊದಲು ಅರ್ಥ ಕೇಳಬೇಕು.

2. ತಿಳಿದದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಿ, “ಹಿಂಗೇ ಹೌದಿಲ್ಲೋ?” ಎಂದು ಖಾತ್ರಿ ಮಾಡಿಕೊಳ್ಳಬೇಕು.

3. ಹೇಳುವವನೂ ತನ್ನ ಶಬ್ದ ಕೇಳುವವನ ಭಾಷೆಯಲ್ಲಿ ಹೇಗೆ ಕೇಳೀತು ಎಂದು ಯೋಚಿಸಬೇಕು. ವಹಿಯ ಅಂಚಿಗೆ ಬರೆಯುವುದಕ್ಕಿಂತ ಹತ್ತಿರ ಕೂತು ಹೇಳುವುದು ಲೇಸು.

ವಾಚಕರಿಗೆ ಒಂದು ಕೆಲಸ: ‘ಚೇಷ್ಟೆ’, ‘ಅಭ್ಯಾಸ’ ಇವೆರಡು ಶಬ್ದ ತೆಗೆದುಕೊಳ್ಳಿರಿ. ಹಾಳೆಯ ಎಡಬದಿಗೆ ನಿಮಗೆ ತಿಳಿದ ಅರ್ಥ ಬರೆಯಿರಿ. ಬಲಬದಿ ಖಾಲಿ ಬಿಟ್ಟು, ಮರಾಠಿ ಗೆಳೆಯನನ್ನು ಕೇಳಿ ತುಂಬಿರಿ.