ಲಿನಕ್ಸ್‌ನಲ್ಲಿ ಗಣಿತ: ತಂತ್ರಾಂಶಕ್ಕಿಂತ ಮೊದಲು ಉತ್ತರದ ರೂಪ

ಲಿನಕ್ಸ್, ಫ್ರೀಬಿಎಸ್‌ಡಿಯಂತಹ ಯುನಿಕ್ಸ್ ಮಾದರಿಯ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳೂ ಅಧ್ಯಾಪಕರೂ ಸಾಮಾನ್ಯವಾಗಿ ‘ಮ್ಯಾಟ್‌ಲ್ಯಾಬ್‌ಗೆ ಬದಲಿ ಯಾವುದು’ ಎಂದು ವಿಚಾರಿಸಿ, ಮೊದಲು ಕಿವಿಗೆ ಬಿದ್ದ ಆಕ್ಟೇವ್ ಎಂಬ ತಂತ್ರಾಂಶವನ್ನು ಹಾಕಿಕೊಂಡು, ಗಣಿತದ ಎಲ್ಲ ಕೆಲಸವನ್ನೂ ಅದರಿಂದಲೇ ಮಾಡಿಸಲು ಹೊರಡುತ್ತಾರೆ. ಆಕ್ಟೇವ್ ತನ್ನ ಕ್ಷೇತ್ರದಲ್ಲಿ ಸಮರ್ಥವಾದುದೇ ಆದರೂ ಆ ಕ್ಷೇತ್ರದ ಎಲ್ಲೆಯನ್ನು ಅರಿಯದವರು ತಪ್ಪು ಉತ್ತರವನ್ನು ಸರಿಯೆಂದು ನಂಬಿ ಬರೆದುಕೊಳ್ಳುವ ಸಂಭವವಿದೆ.

ಆದ್ದರಿಂದ ಮೊದಲು, ಇತ್ತೀಚೆಗೆ ನಿಜವಾಗಿಯೂ ಬಿಡಿಸಬೇಕಾಗಿ ಬಂದ ನಾಲ್ಕೈದು ಲೆಕ್ಕಗಳನ್ನು ಹಾಳೆಯ ಮೇಲೆ ಬರೆದು, ಪ್ರತಿಯೊಂದಕ್ಕೂ ಬೇಕಾದ ಉತ್ತರ ದಶಮಾಂಶ ಸಂಖ್ಯೆಯೋ, ಭಿನ್ನರಾಶಿಯೋ, ಸೂತ್ರವೋ ಎಂದು ಗುರುತಿಸಬೇಕು. ಭಾರ ಹೊತ್ತ ತೊಲೆ ಎಷ್ಟು ಬಾಗುತ್ತದೆ ಎಂಬುದಕ್ಕೆ ದಶಮಾಂಶ ಸಾಕು; ಇದು ಸಂಖ್ಯಾತ್ಮಕ ಗಣನೆ. 8ರ ವರ್ಗಮೂಲವನ್ನು 2.8284 ಎನ್ನದೆ 2√2 ಎಂದೇ ಉಳಿಸಿಕೊಳ್ಳುವುದು, ಅಕ್ಷರಗಳನ್ನು ಅಕ್ಷರಗಳಾಗಿಯೇ ಇಟ್ಟುಕೊಂಡು ಅನುಕಲಿಸುವುದು ಸಾಂಕೇತಿಕ ಗಣನೆ.

ಸಂಖ್ಯಾತ್ಮಕ ಗಣನೆಗೆ ಆಕ್ಟೇವ್ ಅಥವಾ ಫ್ರಾನ್ಸಿನಲ್ಲಿ ರೂಪುಗೊಂಡ ಸೈಲ್ಯಾಬ್ ಸೂಕ್ತ. ಸಾಂಕೇತಿಕ ಗಣನೆಗೆ, ಅಮೆರಿಕದ ಎಂಐಟಿಯಲ್ಲಿ 1968ರಲ್ಲಿ ಆರಂಭವಾದ ಯೋಜನೆಯಿಂದ ಬೆಳೆದು, ವಿಲಿಯಂ ಶೆಲ್ಟರ್ ಅವರ ಪ್ರಯತ್ನದಿಂದ 1998ರಲ್ಲಿ ಮುಕ್ತವಾಗಿ ಹಂಚಲು ಅನುಮತಿ ಪಡೆದ ಮ್ಯಾಕ್ಸಿಮಾ ಇದೆ. ಸಂಖ್ಯಾಶಾಸ್ತ್ರದ ಅಂಕಿಅಂಶಗಳಿಗೆ ಆರ್, ಪೂರ್ಣಾಂಕಗಳ ಸಿದ್ಧಾಂತಕ್ಕೆ ಪಾರಿ, ಗಣಿತೀಯ ಗುಂಪುಗಳ ಅಧ್ಯಯನಕ್ಕೆ ಗ್ಯಾಪ್ ಇವೆ. ಇವುಗಳಲ್ಲಿ ಹಲವನ್ನು ಒಂದೇ ಸೂರಿನಡಿ ತರುವ ಸೇಜ್ ಹಲವು ಗಿಗಾಬೈಟ್ ಜಾಗ ಬೇಡುವುದರಿಂದ ಪದವಿ ತರಗತಿಯವರು ಅದರಿಂದ ಆರಂಭಿಸಬೇಕಾಗಿಲ್ಲ.

ಇನ್ನು ಎಡವುವ ಜಾಗ. ಆಕ್ಟೇವ್‌ನಲ್ಲಿ 0.1 + 0.2 ಎಂಬುದು 0.3ಕ್ಕೆ ಸಮವೇ ಎಂದು ಕೇಳಿದರೆ ‘ಅಲ್ಲ’ ಎಂಬ ಅರ್ಥದ 0 ಬರುತ್ತದೆ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮುಗಿಸಲಾಗದಂತೆ ಹತ್ತನೆಯ ಒಂದು ಭಾಗವನ್ನು, ಸೊನ್ನೆ ಮತ್ತು ಒಂದು ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಬರೆದು ಮುಗಿಸಲಾಗದು. ಯಂತ್ರವು 53 ದ್ವಿಮಾನ ಅಂಕಿಗಳನ್ನು, ಅಂದರೆ ಸುಮಾರು 16 ದಶಮಾಂಶ ಅಂಕಿಗಳನ್ನು, ಇಟ್ಟುಕೊಂಡು ಉಳಿದುದನ್ನು ಹತ್ತಿರದ ಬೆಲೆಗೆ ಸರಿಹೊಂದಿಸುತ್ತದೆ. ಪೂರ್ಣಾಂಕಗಳೂ ಇದರಿಂದ ಪಾರಾಗುವುದಿಲ್ಲ: 2^53 + 1 ಎಂಬುದರ ನಿಜವಾದ ಬೆಲೆ 9007199254740993 ಆಗಿದ್ದರೂ ಆಕ್ಟೇವ್ ಯಾವ ಎಚ್ಚರಿಕೆಯನ್ನೂ ನೀಡದೆ 9007199254740992 ಎನ್ನುತ್ತದೆ. ‘ಫಾರ್ಮ್ಯಾಟ್ ಲಾಂಗ್’ ಎಂಬ ಆದೇಶ ಕೊಟ್ಟರೆ ಇದೆಲ್ಲ ಸರಿಹೋಗುವುದೆಂದು ಹಲವರು ತಿಳಿದಿದ್ದಾರೆ. ಆ ಆದೇಶವು ತೆರೆಯ ಮೇಲೆ ಕಾಣುವ ಅಂಕಿಗಳನ್ನು ಹೆಚ್ಚಿಸುತ್ತದೆಯೇ ಹೊರತು ಒಳಗಿನ ಲೆಕ್ಕವನ್ನು ಮುಟ್ಟುವುದಿಲ್ಲ. ಮ್ಯಾಕ್ಸಿಮಾ ಹಾಕಿಕೊಂಡ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. ಅಲ್ಲಿಯೂ 0.1 ಎಂದು ಬರೆದರೆ ಅದೇ ಮೊಟಕಾದ ಸಂಖ್ಯೆಯೇ ಒಳಹೋಗುತ್ತದೆ. 1/10 ಎಂದು ಬರೆದಾಗ ಮಾತ್ರ ಭಿನ್ನರಾಶಿ ಭಿನ್ನರಾಶಿಯಾಗಿಯೇ ಉಳಿದು, 1/10 + 2/10 ಎಂಬುದು 3/10 ಆಗುತ್ತದೆ. ಪ್ರಯೋಗಾಲಯದ ಅಳತೆಗಳಿಗೆ ಈ ವ್ಯತ್ಯಾಸ ನಗಣ್ಯವಾದರೂ ಸಮತೆಯನ್ನು ಪರೀಕ್ಷಿಸುವ, ಭಾಗಲಬ್ಧವನ್ನು ಎಣಿಸುವ ಲೆಕ್ಕಗಳಲ್ಲಿ ಅದು ಉತ್ತರವನ್ನೇ ಕೆಡಿಸುತ್ತದೆ.

ಆಯ್ಕೆಯಾದ ಮೇಲೆ ತಂತ್ರಾಂಶವನ್ನು ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಳ್ಳದೆ, ಆಯಾ ವ್ಯವಸ್ಥೆಯ ಅಧಿಕೃತ ಭಂಡಾರದಿಂದಲೇ, ಅಂದರೆ ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಆಪ್ಟ್, ಫೆಡೋರಾದಲ್ಲಿ ಡಿಎನ್‌ಎಫ್, ಫ್ರೀಬಿಎಸ್‌ಡಿಯಲ್ಲಿ ಪಿಕೆಜಿ ಎಂಬ ಸಾಧನದ ಮೂಲಕ, ಪಡೆಯಬೇಕು. ಮ್ಯಾಕ್ಸಿಮಾ ಬಯಸುವವರು ಡಬ್ಲ್ಯೂಎಕ್ಸ್‌ಮ್ಯಾಕ್ಸಿಮಾವನ್ನು ಕೇಳುವುದು ಲೇಸು. ಕಿಟಕಿ, ಮೆನುಗಳಿರುವ ಅದರ ಜೊತೆಗೆ ಮೂಲ ತಂತ್ರಾಂಶವೂ ಬರುತ್ತದೆ. ಅಲ್ಲಿ ಅಕ್ಷರವೊಂದಕ್ಕೆ ಬೆಲೆಯನ್ನು ಕೊಡಲು ಸಮಚಿಹ್ನೆಯ ಬದಲು ವಿವರಣ ಚಿಹ್ನೆಯನ್ನು (:) ಬಳಸಬೇಕು. ಪೈ ಎಂಬುದರ ಹಿಂದೆ ಶೇಕಡಾ ಚಿಹ್ನೆ ಇಲ್ಲದಿದ್ದರೆ ಅದು ಬರಿಯ ಅಕ್ಷರವಾಗಿ ಉಳಿಯುತ್ತದೆ.

ಕೊನೆಗೆ, ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ಕೊಟ್ಟು ನೋಡಬೇಕು. ಗಣಿತಜ್ಞ ಫರ್ಮಾ ಅವಿಭಾಜ್ಯವೆಂದು ಭಾವಿಸಿದ್ದ 2^32 + 1 ಎಂಬ ಸಂಖ್ಯೆಯನ್ನು ಅಪವರ್ತಿಸಲು ಹೇಳಿದರೆ, ಆಯ್ಲರ್ ಕಂಡುಹಿಡಿದ 641 ಮತ್ತು 6700417 ಎಂಬ ಅಪವರ್ತನಗಳು ಕ್ಷಣದಲ್ಲಿ ಬರಬೇಕು.