ಸಕ್ಕರೆಯ ಪಕ್ಕದ ಸಾಲನ್ನೂ ಓದಿ

ಗದಗ-ಬೆಟಗೇರಿಯಲ್ಲಿ ರಕ್ತದ ರಿಪೋರ್ಟು ಕೈಗೆ ಬಂದರೆ ಎಲ್ಲರೂ ಮೊದಲು ಹುಡುಕುವುದು 'ಶುಗರ್ ಎಷ್ಟು' ಅಂತ. ಬಿಳಿ ರಕ್ತಕಣಗಳ ಸಾಲನ್ನು ಕೇಳುವವರಿಲ್ಲ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದಾಗ ರೋಗನಿರೋಧಕ ಕಣಗಳು ಅಲ್ಲಿ ಸೇರಿ ಐಎಲ್-6ನಂಥ ರಾಸಾಯನಿಕಗಳನ್ನು ಬಿಡುತ್ತವೆ. ಅದರಿಂದ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಈ ಸಣ್ಣ ಉರಿಯೂತ ಚಯಾಪಚಯದ ಒತ್ತಡಕ್ಕೊಂದು ಸುಳಿವು.

ಹಂತ 1: ರಕ್ತ ಪರೀಕ್ಷೆಗೆ ದಿನ ನೋಡಿ ಹೋಗಿ. ಜ್ವರ, ನೆಗಡಿ, ಹಲ್ಲಿನ ಬಾವು, ಗಾಯ ಇದ್ದರೆ ವಾಸಿಯಾಗಿ ಎರಡು ವಾರ ಕಳೆಯಲಿ. ಶಿರಹಟ್ಟಿ ಫಕೀರೇಶ್ವರ ಜಾತ್ರೆಯಲ್ಲಿ ನಿದ್ದೆಗೆಟ್ಟ ಮರುದಿನವೂ ಬೇಡ. ಸ್ಟೀರಾಯ್ಡ್ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ಲೆಕ್ಕವನ್ನೇ ಕೆಡಿಸುತ್ತದೆ.

ಹಂತ 2: ಖಾಲಿ ಹೊಟ್ಟೆ, 10ರಿಂದ 12 ತಾಸು. ನೀರು ಕುಡಿಯಬಹುದು. ಮುಂಡರಗಿ, ಲಕ್ಷ್ಮೇಶ್ವರದಿಂದ ಬೆಳಗಿನ ಬಸ್ಸಿಗೆ ಬರುವವರು ರೊಟ್ಟಿ ಬುತ್ತಿಯನ್ನು ರಕ್ತ ಕೊಟ್ಟ ಮೇಲೆ ಬಿಚ್ಚಿ. ಇನ್ಸುಲಿನ್, ಸಕ್ಕರೆ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಹಂತ 3: ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ), ಎಚ್‌ಎಸ್-ಸಿಆರ್‌ಪಿ, ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಕೇಳಿ. 'ಎಚ್‌ಎಸ್' (ಹೆಚ್ಚು ಸೂಕ್ಷ್ಮ) ಎಂಬುದನ್ನು ಒತ್ತಿ ಹೇಳಿ. ಮಾಮೂಲು ಸಿಆರ್‌ಪಿ ಇರುವುದು ದೊಡ್ಡ ಸೋಂಕು ಹಿಡಿಯಲು. 1930ರಲ್ಲಿ ಈ ಪ್ರೋಟೀನು ಮೊದಲು ಪತ್ತೆಯಾದದ್ದೂ ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ. ಬೊಜ್ಜಿನ ಸಣ್ಣ ಏರಿಕೆ ಅದಕ್ಕೆ ಸಿಗುವುದು ಕಷ್ಟ.

ಹಂತ 4: ಈಗ ಲೆಕ್ಕ. ಸಿಬಿಸಿಯ ಬಿಳಿ ರಕ್ತಕಣಗಳ ಸಾಲಿನಲ್ಲಿ ನ್ಯೂಟ್ರೊಫಿಲ್ ಶೇ. 68, ಲಿಂಫೊಸೈಟ್ ಶೇ. 20 ಎಂದಿದೆ ಅನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 3.4. ಆರೋಗ್ಯವಂತರಲ್ಲಿ ಇದು ಹೆಚ್ಚಾಗಿ 1ರಿಂದ 3ರ ನಡುವೆ ಇರುತ್ತದೆ; ಉರಿಯೂತವಿದ್ದರೆ ಏರುತ್ತದೆ. ಬಿಡಿಗಾಸು ಹೆಚ್ಚು ಖರ್ಚಿಲ್ಲದ ಲೆಕ್ಕವಿದು, ಆದರೆ ಇದೊಂದನ್ನೇ ನಂಬಿ ಗಾಬರಿಯಾಗುವುದು ದಡ್ಡತನ. ಎಚ್‌ಎಸ್-ಸಿಆರ್‌ಪಿ ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. 10 ದಾಟಿದರೆ ಬೊಜ್ಜಿಗಿಂತ ಮೊದಲು ಸೋಂಕನ್ನು ಅನುಮಾನಿಸಿ, ಗುಣವಾದ ಮೇಲೆ ಮತ್ತೆ ಮಾಡಿಸಿ. ಅಳತೆಯನ್ನೂ ನೋಡಿ: ಕೆಲವು ಲ್ಯಾಬುಗಳು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ, ಅಲ್ಲಿನ 0.3 ಇಲ್ಲಿನ 3ಕ್ಕೆ ಸಮ.

ಹಂತ 5: ಜೋಡಿಸಿ ಓದಿ. ಸಕ್ಕರೆ ಡೆಸಿಲೀಟರಿಗೆ 100 ಮಿ.ಗ್ರಾಂ ಮುಟ್ಟಿದೆಯೇ? ಟ್ರೈಗ್ಲಿಸರೈಡ್ ಅದೇ ಅಳತೆಯಲ್ಲಿ 150 ಆಗಿದೆಯೇ? ಸೊಂಟಕ್ಕೆ ಟೇಪು ಹಿಡಿಯಿರಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಗಡಿ. ದಿನವಿಡೀ ಕೂತು ನೇಯುವ ಬೆಟಗೇರಿಯ ನೇಕಾರರು ಟೇಪನ್ನು ಮರೆಯಲೇಬಾರದು. ಸಿಆರ್‌ಪಿಯೊಡನೆ ಇವೂ ಏರಿದ್ದರೆ ಚಯಾಪಚಯದತ್ತ ಬೆರಳು ತೋರಿಸಬಹುದು. ಸಿಆರ್‌ಪಿ ಮಾತ್ರ ಏರಿದ್ದರೆ ವಸಡಿನ ರೋಗ, ಕೀಲುಬಾವು, ಬೀಡಿ, ಹೀಗೆ ಬೇರೆ ಕಾರಣಗಳು ಸಾಲುಗಟ್ಟಿರುತ್ತವೆ.

ಎರಡು ವಾರ ಬಿಟ್ಟು ಎಚ್‌ಎಸ್-ಸಿಆರ್‌ಪಿ ಇನ್ನೊಮ್ಮೆ ಮಾಡಿಸಿ, ಎರಡೂ ರಿಪೋರ್ಟು ಹಿಡಿದು ನಿಮ್ಮ ವೈದ್ಯರ ಬಳಿಗೋ ಮಲ್ಲಸಮುದ್ರದ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೋ ಹೋಗಿ. ರಕ್ತಹೀನತೆ ಇದ್ದರೆ ಅದನ್ನೂ ಹೇಳಿ: ಉರಿಯೂತವಿದ್ದಾಗ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಏರಿ, ಕಬ್ಬಿಣದ ಕೊರತೆಯನ್ನು ಮುಚ್ಚಿಡುತ್ತದೆ.